12 ತಂತಿಯ ಗಿಟಾರ್‌ಗೆ ಕಂಪ್ರೆಸರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

12 ತಂತಿಯ ಎಲೆಕ್ಟ್ರಿಕ್ ಗಿಟಾರನ್ನು ಮೊದಲ ಸಲ ಆಂಪ್‌ಗೆ ಸಿಕ್ಕಿಸಿ ನುಡಿಸಿದವರಿಗೆ ಸಾಮಾನ್ಯವಾಗಿ ಒಂದು ಸಣ್ಣ ನಿರಾಸೆ ಕಾದಿರುತ್ತದೆ. ರೆಕಾರ್ಡಿಂಗ್‌ಗಳಲ್ಲಿ ಕೇಳಿದ ಆ ಉದ್ದನೆಯ, ಗಲಗಲ ಅನ್ನುವ ನಾದ ಬರುವುದೇ ಇಲ್ಲ. ಟಕ್ ಅಂತ ಒಂದು ಪೆಟ್ಟು, ಅದರ ಹಿಂದೆ ಬೇಗ ಆರಿಹೋಗುವ ದನಿ, ಅಷ್ಟೇ. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಕೆಟ್ಟಿದೆಯಾ, ತಂತಿ ಹಳೆಯದಾಯಿತಾ ಅಂತ ಅನುಮಾನ ಶುರುವಾಗುತ್ತದೆ. ಹೆಚ್ಚಿನ ಸಲ ಗಿಟಾರ್ ಸರಿಯಾಗೇ ಇರುತ್ತದೆ. ರೆಕಾರ್ಡಿಂಗ್‌ನಲ್ಲಿ ಗಿಟಾರ್‌ಗೂ ನಮ್ಮ ಕಿವಿಗೂ ನಡುವೆ ಸದ್ದಿನ ಏರಿಳಿತವನ್ನು ಸಮ ಮಾಡುವ ಒಂದು ಕಂಪ್ರೆಸರ್ ಕೂತಿತ್ತು, ಇಲ್ಲಿ ಅದಿಲ್ಲ.

ಆದರೆ ಒಂದು ಕಂಪ್ರೆಸರ್ ಪೆಡಲ್ (ಕಾಲಿನಿಂದ ಒತ್ತಿ ಆನ್ ಆಫ್ ಮಾಡುವ ಪೆಟ್ಟಿಗೆ) ತಂದು ಎಲ್ಲ ನಾಬ್‌ಗಳನ್ನೂ ಬಲಕ್ಕೆ ತಿರುಗಿಸಿದರೆ ಕೆಲಸ ಮುಗಿಯಲ್ಲ. ಯಾಕೆ ಅಂತ ತಿಳಿಯಬೇಕಾದರೆ ಮೊದಲು ತಂತಿಗಳನ್ನೇ ನೋಡಬೇಕು.

12 ತಂತಿಗಳು 6 ಜೋಡಿಗಳಾಗಿ ಇರುತ್ತವೆ. ದಪ್ಪದ್ದರಿಂದ ತೆಳುವಿನವರೆಗೆ ಅವುಗಳ ಹೆಸರು ಇ, ಎ, ಡಿ, ಜಿ, ಬಿ, ಇ. ಬಿ ಮತ್ತು ತೆಳು ಇ ಜೋಡಿಗಳಲ್ಲಿ ಎರಡೂ ತಂತಿ ಒಂದೇ ಶ್ರುತಿಯಲ್ಲಿರುತ್ತವೆ. ಉಳಿದ ನಾಲ್ಕು ಜೋಡಿಗಳಲ್ಲಿ ಒಂದು ಮಾಮೂಲಿ ತಂತಿ, ಅದರ ಪಕ್ಕ ಒಂದು ಸ್ಥಾಯಿ ಮೇಲಿನ ತೆಳು ತಂತಿ. ಅದನ್ನು ಆಕ್ಟೇವ್ ತಂತಿ ಅನ್ನೋಣ. ಇಲ್ಲೊಂದು ತಮಾಷೆ ಇದೆ. ಈ ಗಿಟಾರ್‌ನಲ್ಲಿ ಎಲ್ಲಕ್ಕಿಂತ ಎತ್ತರದ ಸ್ವರ ಕೊಡುವುದು ಕೊನೆಯಲ್ಲಿರುವ ಇ ತಂತಿ ಅಲ್ಲ. ಅದು ಸುಮಾರು 330 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಮಧ್ಯದಲ್ಲಿ ಅಡಗಿ ಕೂತಿರುವ ಜಿ ಜೋಡಿಯ ಆಕ್ಟೇವ್ ತಂತಿ 392 ಹರ್ಟ್ಸ್. ಗಿಟಾರ್ ನುಡಿಸುವವರು ಜ್ಯಾಂಗಲ್ ಅಂತ ಕರೆಯುವ ಆ ಗಲಗಲ ದನಿಯಲ್ಲಿ ಈ ತಂತಿಯ ಪಾಲು ದೊಡ್ಡದು. ಇಡೀ ಗಿಟಾರ್‌ನಲ್ಲಿ ಪದೇ ಪದೇ ತುಂಡಾಗುವ ತಂತಿಯೂ ಇದೇ.

ತೆಳು ತಂತಿಗೆ ತೂಕ ಕಡಿಮೆ. ಮೀಟಿದಾಗ ಅದರಲ್ಲಿ ತುಂಬಿಕೊಳ್ಳುವ ಶಕ್ತಿಯೂ ಕಡಿಮೆ. ಹಾಗಾಗಿ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ತಾಗಿದ ಕ್ಷಣ ಚುರುಕಾಗಿ ಮಿಂಚಿ, ಬೇಗ ಸೊರಗುತ್ತದೆ. ದಪ್ಪ ತಂತಿ ಮಾತ್ರ ಗುಂಯ್ ಅಂತ ಇನ್ನೂ ಉಳಿದಿರುತ್ತದೆ. ಅಂದರೆ 12 ತಂತಿಯ ಸೊಗಸೆಲ್ಲ ನಾದದ ಮೊದಲ ತುಣುಕಿನಲ್ಲೇ ಇದೆ. ಅಲ್ಲೇ ಪಿಕ್‌ನ ಟಕ್ ಸದ್ದೂ ಇದೆ. ಆ ಸದ್ದನ್ನು ಸ್ವಲ್ಪ ತಗ್ಗಿಸಿ, ಅದರ ಹಿಂದಿನದನ್ನು ಎತ್ತಿ ಹಿಡಿಯುವುದು ಕಂಪ್ರೆಸರ್‌ನ ಕೆಲಸ.

ಕಂಪ್ರೆಸರ್ ಅಂದರೆ ಸದ್ದು ಒಂದು ಮಿತಿ ದಾಟಿದಾಗ ತಾನೇ ವಾಲ್ಯೂಮ್ ಇಳಿಸಿ, ಸದ್ದು ತಗ್ಗಿದಾಗ ಮತ್ತೆ ಏರಿಸುವ ಸರ್ಕ್ಯೂಟ್. ಆ ಮಿತಿಗೆ ಥ್ರೆಶೋಲ್ಡ್ ಅನ್ನುತ್ತಾರೆ. ಎಷ್ಟು ಇಳಿಸಬೇಕು ಅನ್ನುವುದು ರೇಶಿಯೋ. ಎಷ್ಟು ಬೇಗ ಇಳಿಸಬೇಕು ಅನ್ನುವುದು ಅಟ್ಯಾಕ್. ಎಷ್ಟು ಬೇಗ ಕೈಬಿಡಬೇಕು ಅನ್ನುವುದು ರಿಲೀಸ್. ಹೀಗೆ ತಗ್ಗಿದ ಸದ್ದನ್ನು ಕೊನೆಗೆ ಒಟ್ಟಾರೆ ಎತ್ತಿಕೊಡುವುದು ಔಟ್‌ಪುಟ್ ನಾಬ್.

ಒಂದು ಲೆಕ್ಕ ಹಾಕಿ ನೋಡೋಣ. ನೀವು ಮೀಟಿದ ಸ್ವರ ಥ್ರೆಶೋಲ್ಡ್‌ಗಿಂತ 12 ಡೆಸಿಬೆಲ್ ಮೇಲಿದೆ, ಅದು ಒಂದು ಸೆಕೆಂಡಿನಲ್ಲಿ ಆ 12 ಡೆಸಿಬೆಲ್ ಇಳಿಯುತ್ತದೆ ಅಂದುಕೊಳ್ಳಿ. ರೇಶಿಯೋ 4:1 ಇದ್ದರೆ ಥ್ರೆಶೋಲ್ಡ್‌ನ ಮೇಲಿನ ಪ್ರತಿ 4 ಡೆಸಿಬೆಲ್‌ಗೆ 1 ಮಾತ್ರ ಹೊರಗೆ ಬರುತ್ತದೆ. 12ಕ್ಕೆ 3. ಹಾಗಾಗಿ ಆ ಒಂದು ಸೆಕೆಂಡಿನಲ್ಲಿ ಕಿವಿಗೆ ಕೇಳುವ ಇಳಿತ ಬರೀ 3 ಡೆಸಿಬೆಲ್. ಸ್ವರ ನಿಂತೇ ಇದೆ ಅನ್ನಿಸುತ್ತದೆ. ಉಳಿದ 9 ಡೆಸಿಬೆಲ್ಲನ್ನು ಔಟ್‌ಪುಟ್ ನಾಬ್‌ನಿಂದ ವಾಪಸ್ ತುಂಬಿದರೆ, ಮೊದಲು ಕೇಳಿಸದೇ ಹೋಗುತ್ತಿದ್ದ ನಾದದ ಬಾಲ ಈಗ ಎದುರಿಗೇ ಬಂದು ನಿಲ್ಲುತ್ತದೆ.

ಇದರಲ್ಲೇ ಇನ್ನೊಂದು ವಿಷಯವೂ ಇದೆ, ಜನ ಅದನ್ನು ಗಮನಿಸುವುದು ಕಡಿಮೆ. ಸ್ವರ ಥ್ರೆಶೋಲ್ಡ್‌ಗಿಂತ ಕೆಳಗೆ ಬಂದ ಮೇಲೆ ಕಂಪ್ರೆಸರ್ ಇಳಿಸುವುದೇನೂ ಉಳಿದಿರುವುದಿಲ್ಲ. ಅಲ್ಲಿಂದ ಮುಂದೆ ಅದು ತನ್ನ ಸಹಜ ವೇಗದಲ್ಲೇ ಇಳಿಯುತ್ತದೆ. ಅಂದರೆ ಸಸ್ಟೇನ್, ಸ್ವರ ಆರದೆ ನಿಲ್ಲುವುದು, ಎಷ್ಟು ಹೊತ್ತು ಸಿಗುತ್ತದೆ ಅನ್ನುವುದನ್ನು ಥ್ರೆಶೋಲ್ಡ್ ತೀರ್ಮಾನಿಸುತ್ತದೆ. ಆ ಹೊತ್ತಿನಲ್ಲಿ ಸ್ವರ ಎಷ್ಟು ಸಮನಾಗಿರುತ್ತದೆ ಅನ್ನುವುದನ್ನು ರೇಶಿಯೋ ತೀರ್ಮಾನಿಸುತ್ತದೆ. ಉದ್ದನೆಯ ನಾದ ಬೇಕು ಅಂತ ರೇಶಿಯೋವನ್ನು 10:1ಕ್ಕೆ ಏರಿಸಿ, ಥ್ರೆಶೋಲ್ಡನ್ನು ಮೇಲೇ ಬಿಟ್ಟರೆ ಪೆಟ್ಟು ಮಾತ್ರ ಚಪ್ಪಟೆಯಾಗುತ್ತದೆ, ಬಾಲ ಬೆಳೆಯುವುದಿಲ್ಲ. 12 ತಂತಿಗೆ ಥ್ರೆಶೋಲ್ಡ್ ಕೆಳಗಿರಬೇಕು, ರೇಶಿಯೋ ಮಧ್ಯಮ ಸಾಕು.

ಈ ನಾದ ಹುಟ್ಟಿದ ರೀತಿಯೂ ಸ್ವಾರಸ್ಯವಾಗಿದೆ. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡ ನ್ಯೂಯಾರ್ಕ್‌ಗೆ ಬಂದಾಗ ಜಾರ್ಜ್ ಹ್ಯಾರಿಸನ್ ಕೈಗೆ 12 ತಂತಿಯ ರಿಕನ್‌ಬ್ಯಾಕರ್ 360/12 ಸಿಕ್ಕಿತು. ಅದೇ ವರ್ಷ ಬಂದ ಬೀಟಲ್ಸ್ ಸಿನಿಮಾದಲ್ಲಿ ಆ ಗಿಟಾರ್ ನೋಡಿ ಅಮೆರಿಕದ ಗಿಟಾರ್ ವಾದಕ ರೋಜರ್ ಮೆಗಿನ್ ತಾನೂ ಒಂದನ್ನು ಕೊಂಡರು. 1965ರ ಜನವರಿಯಲ್ಲಿ ಅವರ ಬರ್ಡ್ಸ್ ತಂಡ ಹಾಲಿವುಡ್‌ನ ಕೊಲಂಬಿಯಾ ಸ್ಟುಡಿಯೋದಲ್ಲಿ ಬಾಬ್ ಡಿಲನ್ ಬರೆದ 'ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್' ರೆಕಾರ್ಡ್ ಮಾಡಿತು. ಮೆಗಿನ್ ಮುಂದೆ ಹೇಳಿಕೊಂಡಂತೆ, ಅವರು ಗಿಟಾರನ್ನು ನೇರವಾಗಿ ಮಿಕ್ಸಿಂಗ್ ಬೋರ್ಡ್‌ಗೆ ಸಿಕ್ಕಿಸಿದ್ದರು. ರಾಕ್ ತಂಡದ ಜೋರು ಸದ್ದಿಗೆ ಸ್ಟುಡಿಯೋ ಉಪಕರಣ ಹಾಳಾದೀತು ಅಂತ ಎಂಜಿನಿಯರ್ ರೇ ಗೆರ್‌ಹಾರ್ಟ್ ಎಲ್ಲದಕ್ಕೂ ಕಂಪ್ರೆಸರ್ ಹಾಕುತ್ತಿದ್ದರಂತೆ. ಕಾವಲಿಗೆ ಹಾಕಿದ್ದು ನಾದವಾಗಿಬಿಟ್ಟಿತು! ಒಂದು ಟ್ಯೂಬ್ ಕಂಪ್ರೆಸರ್‌ನ ಹಿಂದೆ ಇನ್ನೊಂದನ್ನು ಜೋಡಿಸಿದಾಗ ಸ್ವರ ಮೂರು ನಾಲ್ಕು ಸೆಕೆಂಡ್ ನಿಲ್ಲತೊಡಗಿತು. ಊದುವ ವಾದ್ಯದ ಹಾಗೆ ಸ್ವರವನ್ನು ಹಿಡಿದಿಡಬಹುದು ಅನ್ನುವ ಈ ಅನುಕೂಲ ಇಲ್ಲದಿದ್ದರೆ, ಮರುವರ್ಷ 'ಎಯ್ಟ್ ಮೈಲ್ಸ್ ಹೈ' ಹಾಡಿನಲ್ಲಿ ಜಾಝ್ ವಾದಕ ಜಾನ್ ಕೋಲ್ಟ್ರೇನ್‌ನ ಸ್ಯಾಕ್ಸೋಫೋನ್ ಜಾಡು ಹಿಡಿದು ನುಡಿಸುವುದು ಮೆಗಿನ್‌ಗೆ ಕಷ್ಟವಾಗುತ್ತಿತ್ತು.

ಎರಡು ಕಂಪ್ರೆಸರ್ ಒಂದರ ಹಿಂದೆ ಒಂದು ಇದ್ದರೆ ರೇಶಿಯೋಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಸದ್ದು ಎರಡರ ಥ್ರೆಶೋಲ್ಡನ್ನೂ ದಾಟಿದ್ದರೆ 2:1 ಮತ್ತು 3:1 ಸೇರಿ 6:1 ಆಗುತ್ತದೆ. ಒಂದೇ ಪೆಡಲನ್ನು 6:1ಕ್ಕೆ ಇಟ್ಟು ಹಿಂಡುವುದಕ್ಕಿಂತ ಇದು ಮೃದುವಾಗಿ ಕೇಳುತ್ತದೆ. ಮೊದಲನೆಯದು ಪೆಟ್ಟನ್ನು ಸ್ವಲ್ಪ ಸವರಿ ಕಳಿಸುತ್ತದೆ, ಹಾಗಾಗಿ ಎರಡನೆಯದಕ್ಕೆ ಗಾಬರಿ ಬೀಳುವ ಪ್ರಮೇಯ ಇರುವುದಿಲ್ಲ. ಮುಂದೆ 1988ರಲ್ಲಿ ರಿಕನ್‌ಬ್ಯಾಕರ್ ಕಂಪನಿ ಮೆಗಿನ್ ಹೆಸರಿನ ಗಿಟಾರ್ ಮಾಡಿದಾಗ ಕಂಪ್ರೆಸರ್ ಸರ್ಕ್ಯೂಟನ್ನು ಗಿಟಾರ್ ಒಳಗೇ ಇಟ್ಟುಬಿಟ್ಟಿತು. ಆಮೇಲೆ ಜ್ಯಾಂಗಲ್‌ಬಾಕ್ಸ್ ಅನ್ನುವ ಪೆಡಲ್ ಬಂದದ್ದೂ ಇದೇ ನಾದದ ಬೆನ್ನು ಹತ್ತಿ.

ಈಗ ಅಸಲು ವಿಷಯಕ್ಕೆ ಬರೋಣ. ಕಂಪ್ರೆಸರ್‌ಗೆ ತಂತಿಗಳು ಕಾಣುವುದಿಲ್ಲ. ಕೇಬಲ್‌ನಲ್ಲಿ ಬರುವುದು 12 ತಂತಿಗಳ ಸದ್ದು ಬೆರೆತ ಒಂದೇ ಸಿಗ್ನಲ್. ಅದರ ಒಟ್ಟು ಗಾತ್ರ ನೋಡಿ ಪೆಡಲ್ ವಾಲ್ಯೂಮ್ ಏರಿಸುತ್ತದೆ, ಇಳಿಸುತ್ತದೆ. ಇಳಿಸಿದರೆ ಎಲ್ಲವೂ ಇಳಿಯುತ್ತವೆ. ಕಂಪ್ರೆಸರ್ ಹಾಕಿದರೆ ಆಕ್ಟೇವ್ ತಂತಿ ಮೇಲೆ ಬರುತ್ತದೆ, ದಪ್ಪ ತಂತಿ ಕೆಳಗೆ ಹೋಗುತ್ತದೆ ಅಂತ ಹೇಳುವವರಿದ್ದಾರೆ. ಒಂದೇ ಕ್ಷಣದಲ್ಲಿ ಹಾಗೆ ಮಾಡಲು ಅದಕ್ಕೆ ಬರುವುದಿಲ್ಲ. ಆ ಕ್ಷಣದಲ್ಲಿ ಇವೆರಡರ ನಡುವೆ ಇದ್ದ ಅಳತೆಯೇ ಕೊನೆಗೂ ಉಳಿಯುತ್ತದೆ. ಅದು ಬದಲಾಯಿಸುವುದು ಒಂದು ಕ್ಷಣಕ್ಕೂ ಮುಂದಿನ ಕ್ಷಣಕ್ಕೂ ಇರುವ ಅಂತರವನ್ನು ಮಾತ್ರ.

ಹಾಗಾಗಿ ಪೆಡಲ್‌ಗೆ ಏನು ಕಳಿಸುತ್ತೀರಿ ಅನ್ನುವುದೇ ಮುಖ್ಯ. ನನ್ನ ಪ್ರಕಾರ ಅರ್ಧ ಕೆಲಸ ಪೆಡಲ್‌ಗೆ ಮುಂಚೆಯೇ ಆಗಿರಬೇಕು.

ಒಂದು ಡೌನ್‌ಸ್ಟ್ರೋಕನ್ನು ಹತ್ತಿರದಿಂದ ನೋಡಿ. ಪಿಕ್ ದಪ್ಪ ಇ ಜೋಡಿಯಿಂದ ತೆಳು ಇ ಜೋಡಿಗೆ ಹೋಗಲು ಹತ್ತಾರು ಮಿಲಿಸೆಕೆಂಡ್ ಬೇಕು. ಸ್ವಲ್ಪ ನಿಧಾನವಾಗಿ ಎಳೆದರೆ 50 ಮಿಲಿಸೆಕೆಂಡ್‌ಗೂ ಜಾಸ್ತಿ. ಅಟ್ಯಾಕ್ 5 ಮಿಲಿಸೆಕೆಂಡ್ ಇರುವ ಕಂಪ್ರೆಸರ್‌ಗೆ ಇದು ಬಹಳ ಹೊತ್ತು. ಮೊದಲು ತಾಗುವ ದಪ್ಪ ಇ, ಎ ತಂತಿಗಳು ಪಿಕಪ್‌ನಲ್ಲಿ ದೊಡ್ಡ ಸಿಗ್ನಲ್ ಎಬ್ಬಿಸುತ್ತವೆ. ಕಂಪ್ರೆಸರ್ ತಕ್ಷಣ ವಾಲ್ಯೂಮ್ ಇಳಿಸುತ್ತದೆ. ಪಿಕ್ ಜಿ, ಬಿ, ಇ ಜೋಡಿಗಳನ್ನು ಮುಟ್ಟುವ ಹೊತ್ತಿಗೆ ಬಾಗಿಲು ಅರ್ಧ ಮುಚ್ಚಿರುತ್ತದೆ. ಮಿನುಗಬೇಕಾದ ತಂತಿಗಳೇ ಮಂಕಾಗಿ ಕೇಳುತ್ತವೆ. ಅಪ್‌ಸ್ಟ್ರೋಕ್‌ನಲ್ಲಿ ಇದೆಲ್ಲ ತಿರುಗುಮುರುಗು. ತೆಳು ಜೋಡಿಗಳು ಮೊದಲು ಬಂದು, ಕಂಪ್ರೆಸರ್ ಎಚ್ಚರಗೊಳ್ಳುವ ಮುಂಚೆಯೇ ದಾಟಿಹೋಗುತ್ತವೆ. ಜೋರಾಗಿ ಹಿಂಡಿದ ಪೆಡಲ್‌ನಲ್ಲಿ ಅಪ್‌ಸ್ಟ್ರೋಕ್ ಫಳಫಳ, ಡೌನ್‌ಸ್ಟ್ರೋಕ್ ಮಬ್ಬು ಅನ್ನಿಸಿದರೆ ಕಾರಣ ಇದೇ.

ರಿಕನ್‌ಬ್ಯಾಕರ್‌ನಲ್ಲಿ ಇನ್ನೊಂದು ಸಣ್ಣ ವಿಚಿತ್ರ ಸೇರಿಕೊಳ್ಳುತ್ತದೆ. ಬಹುತೇಕ 12 ತಂತಿಯ ಗಿಟಾರ್‌ಗಳಲ್ಲಿ ಪಿಕ್ ಕೆಳಗೆ ಬರುವಾಗ ಆಕ್ಟೇವ್ ಇರುವ ಜೋಡಿಗಳಲ್ಲಿ ಮೊದಲು ಸಿಗುವುದು ಆಕ್ಟೇವ್ ತಂತಿ. ರಿಕನ್‌ಬ್ಯಾಕರ್‌ನಲ್ಲಿ ಈ ಕ್ರಮ ಉಲ್ಟಾ. ಮೊದಲು ದಪ್ಪದ್ದು, ಆಮೇಲೆ ಆಕ್ಟೇವ್. ಮೆಗಿನ್ ನುಡಿಸುವುದು ಪಿಕ್ ಹಿಡಿದು, ಜೊತೆಗೆ ಮಧ್ಯದ ಬೆರಳು ಮತ್ತು ಉಂಗುರದ ಬೆರಳಿಗೆ ಫಿಂಗರ್‌ಪಿಕ್ ಹಾಕಿಕೊಂಡು, ಬ್ಯಾಂಜೋ ಶೈಲಿಯಲ್ಲಿ. ಬೆರಳುಗಳು ಕೆಳಗಿನಿಂದ ಮೇಲಕ್ಕೆ ಎಳೆಯುತ್ತವೆ. ಅಂದರೆ ಬೆರಳಿನಿಂದ ಮೀಟಿದ ಜೋಡಿಗಳಲ್ಲಿ ಆಕ್ಟೇವ್ ತಂತಿಯೇ ಮೊದಲು ಬರುತ್ತದೆ, ಪಿಕ್‌ನಿಂದ ಮೀಟಿದ ಜೋಡಿಗಳಲ್ಲಿ ದಪ್ಪದ್ದು. ಕಂಪ್ರೆಸರ್ ಇಲ್ಲದಾಗ ಈ ಎರಡು ಮೂರು ಮಿಲಿಸೆಕೆಂಡ್‌ನ ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಂಪ್ರೆಸರ್ ಇದ್ದಾಗ ಅದೂ ದನಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಡೌನ್‌ಸ್ಟ್ರೋಕ್ ಮಬ್ಬಾಗುವುದಕ್ಕೆ ಮದ್ದು ಸರಳ. ದಪ್ಪ ತಂತಿಗಳ ತಳದ ಸದ್ದನ್ನು ಕಂಪ್ರೆಸರ್‌ಗೆ ಮುಂಚೆಯೇ ಕಡಿಮೆ ಮಾಡಿ. ದಪ್ಪ ಇ ತಂತಿಯ ಮೂಲ ಸ್ವರ 82 ಹರ್ಟ್ಸ್, ಅದರ ಆಕ್ಟೇವ್ ಜೊತೆಗಾರ 165. ಸುಮಾರು 150 ಹರ್ಟ್ಸ್‌ಗಿಂತ ಕೆಳಗಿನದನ್ನು ಒಂದು ಇಕ್ಯೂ ಪೆಡಲ್‌ನಿಂದ (ತಳದ, ಮೇಲಿನ ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವಂಥದ್ದು) ತಗ್ಗಿಸಿದರೆ ದಪ್ಪ ತಂತಿ ಸಣ್ಣಗಾಗುತ್ತದೆ, ಆಕ್ಟೇವ್ ಹಾಗೇ ಉಳಿಯುತ್ತದೆ. ಇಲ್ಲಿ ಇವೆರಡರ ಅಳತೆ ನಿಜವಾಗಿಯೂ ಬದಲಾಯಿತು, ನೋಡಿ. ಕಂಪ್ರೆಸರ್ ಈಗ ತಳದ ಸದ್ದಿಗೆ ಬೆದರದೆ ಮೇಲಿನ ಸ್ವರಗಳನ್ನು ನೋಡಿ ಕೆಲಸ ಮಾಡುತ್ತದೆ. ಹಳೆಯ ರಿಕನ್‌ಬ್ಯಾಕರ್‌ಗಳಲ್ಲಿ ಬ್ರಿಡ್ಜ್ ಪಿಕಪ್‌ನ (ತಂತಿಗಳು ಒಡಲಿನ ಮೇಲೆ ಕೂರುವ ಬ್ರಿಡ್ಜ್‌ನ ಪಕ್ಕದ್ದು) ದಾರಿಯಲ್ಲೇ 0.0047 ಮೈಕ್ರೋಫ್ಯಾರಡ್‌ನ ಒಂದು ಪುಟ್ಟ ಕೆಪಾಸಿಟರ್ ಇರುತ್ತಿತ್ತು. ತಳದ ಸದ್ದನ್ನು ಅದು ತಡೆಯುತ್ತಿತ್ತು. ಒಂಟಿಯಾಗಿ ಕೇಳಿದರೆ ಅಂಥ ದನಿ ತೆಳು, ಬಡಕಲು. ಕಂಪ್ರೆಸರ್‌ಗೆ ಮಾತ್ರ ಹೇಳಿ ಮಾಡಿಸಿದ್ದು.

ಇಕ್ಯೂ ಇಲ್ಲವೇ? ಸ್ಕ್ರೂಡ್ರೈವರ್ ಸಾಕು. ಪಿಕಪ್‌ನ ದಪ್ಪ ತಂತಿಯ ಬದಿಯನ್ನು ಒಂದಿಷ್ಟು ಕೆಳಗಿಳಿಸಿ. ಕೆಲವು ಕಂಪ್ರೆಸರ್‌ಗಳಲ್ಲಿ ಸೈಡ್‌ಚೈನ್ ಫಿಲ್ಟರ್ ಅಂತ ಒಂದು ಸೌಲಭ್ಯ ಇರುತ್ತದೆ. ಅಲ್ಲಿ ದನಿಯಲ್ಲಿ ತಳ ಹಾಗೇ ಉಳಿಯುತ್ತದೆ, ಅಳೆಯುವ ಭಾಗಕ್ಕೆ ಮಾತ್ರ ಅದು ಕೇಳಿಸುವುದಿಲ್ಲ. ತಂಡದಲ್ಲಿ ಬಾಸ್ ಗಿಟಾರ್ ಇಲ್ಲದಿದ್ದರೆ ನಾನು ಇದನ್ನೇ ಆರಿಸುತ್ತೇನೆ.

ಅಟ್ಯಾಕ್ ಎಷ್ಟಿರಬೇಕು ಅನ್ನುವುದರಲ್ಲಿ ಅಭಿರುಚಿಯ ಪಾಲೂ ಇದೆ. 20ರಿಂದ 30 ಮಿಲಿಸೆಕೆಂಡ್ ಬಿಟ್ಟರೆ ಪಿಕ್‌ನ ಪೆಟ್ಟು ಪೂರ್ತಿ ದಾಟಿ ಬರುತ್ತದೆ. ಇದು ಲಯಕ್ಕೆ ಒಳ್ಳೆಯದು. ತೀರಾ ಚುರುಕಾದ ಅಟ್ಯಾಕ್ ಇದ್ದರೆ ಪೆಟ್ಟು ಕರಗಿ, ಸ್ವರ ಸ್ವಲ್ಪ ಆರ್ಗನ್ ಹಾಗೆ ಹರಿಯುತ್ತದೆ. 60ರ ದಶಕದ ಆ ನಾದ ಬೇಕಿದ್ದವರು ಎರಡನೆಯದರ ಕಡೆಗೇ ವಾಲುತ್ತಾರೆ. ಎರಡರ ನಡುವೆ ಎಲ್ಲಾದರೂ ನಿಲ್ಲಿ, ಯಾರೂ ಬೈಯಲ್ಲ.

ರಿಲೀಸ್ ಹಾಗಲ್ಲ. ಅದಕ್ಕೆ ಹಾಡಿನ ವೇಗದ ಜೊತೆ ಲೆಕ್ಕ ಇದೆ. ನಿಮಿಷಕ್ಕೆ 120 ತಾಳದ ಹಾಡಿನಲ್ಲಿ ಒಂದು ತಾಳಕ್ಕೆ ಎರಡರಂತೆ ಸ್ವರಗಳನ್ನು ಬಿಡಿಸಿ ನುಡಿಸಿದರೆ, ಸ್ವರದಿಂದ ಸ್ವರಕ್ಕೆ 250 ಮಿಲಿಸೆಕೆಂಡ್. ರಿಲೀಸ್ ಒಂದು ಸೆಕೆಂಡ್ ಇದ್ದರೆ ಕಂಪ್ರೆಸರ್ ಚೇತರಿಸಿಕೊಳ್ಳುವ ಮುಂಚೆಯೇ ಮುಂದಿನ ಸ್ವರ ಬಂದು ಮತ್ತೆ ಒತ್ತುತ್ತದೆ. ವಾಲ್ಯೂಮ್ ಒಂದೇ ಕಡೆ ತಗ್ಗಿ ನಿಂತಿರುತ್ತದೆ. ಸದ್ದು ಸಮನಾಗಿದೆ ಅನ್ನಿಸಿದರೂ ಬಾಲ ಏಳುವುದಿಲ್ಲ. ರಿಲೀಸ್ 100ರಿಂದ 200 ಮಿಲಿಸೆಕೆಂಡ್ ಇದ್ದರೆ ಪ್ರತಿ ಸ್ವರವೂ ಮೀಟಿದ ಮೇಲೆ ಉಬ್ಬಿಕೊಳ್ಳುತ್ತದೆ, ಹಿಂದಿನ ಸ್ವರಗಳ ಉಳಿದ ನಾದವೂ ಜೊತೆಗೆ ಎದ್ದು ಬರುತ್ತದೆ. ಆ ಉಬ್ಬು ಹಾಡಿನ ಲಯಕ್ಕೆ ಕೂತರೆ ಚೆಂದ. ಕೂರದಿದ್ದರೆ ಗಿಟಾರ್ ಏದುಸಿರು ಬಿಟ್ಟಂತೆ ಕೇಳುತ್ತದೆ. 50 ಮಿಲಿಸೆಕೆಂಡ್‌ಗಿಂತ ಕೆಳಗೆ ಹೋಗಬೇಡಿ. ಕಂಪ್ರೆಸರ್ ದಪ್ಪ ತಂತಿಯ ಒಂದೊಂದು ಕಂಪನವನ್ನೂ ಹಿಂಬಾಲಿಸಲು ಹೊರಟು, ದನಿ ಒಡೆದಂತೆ ಕೇಳತೊಡಗುತ್ತದೆ.

ಪೆಡಲ್ ಆರಿಸುವಾಗ ಒಳಗಿನ ಸರ್ಕ್ಯೂಟ್ ಯಾವ ಬಗೆಯದು ಅಂತ ನೋಡಿಕೊಂಡರೆ ಸಾಕು. 1970ರ ದಶಕದ ಎಂಎಕ್ಸ್ಆರ್ ಡೈನಾ ಕಾಂಪ್, ಆಮೇಲೆ ಬಂದ ರಾಸ್ ಕಂಪ್ರೆಸರ್ ಇವೆಲ್ಲ ಓಟಿಎ ಅನ್ನುವ ಆಂಪ್ಲಿಫೈಯರ್ ಚಿಪ್ ಮೇಲೆ ನಿಂತವು. ಡೈನಾ ಕಾಂಪ್‌ನಲ್ಲಿ ಇರುವುದೇ ಎರಡು ನಾಬ್, ಔಟ್‌ಪುಟ್ ಮತ್ತು ಸೆನ್ಸಿಟಿವಿಟಿ. ಅಟ್ಯಾಕ್, ರಿಲೀಸ್ ಒಳಗೇ ನಿಗದಿಯಾಗಿರುತ್ತವೆ. ಹಿಂಡುವಿಕೆ ಎದ್ದು ಕಾಣುತ್ತದೆ, ದನಿಯ ಮೇಲ್ಭಾಗದ, ಅಂದರೆ ಟ್ರೆಬಲ್‌ನ ಹೊಳಪು ಸ್ವಲ್ಪ ಕುಂದುತ್ತದೆ. ಅದಕ್ಕೇ ಅದರ ಹಿಂದೆ ಟ್ರೆಬಲ್ ಎತ್ತುವುದು ರೂಢಿ. ಆಪ್ಟಿಕಲ್ ಕಂಪ್ರೆಸರ್‌ನಲ್ಲಿ ಒಂದು ದೀಪ, ಅದರ ಎದುರು ಬೆಳಕಿಗೆ ಸ್ಪಂದಿಸುವ ರೆಸಿಸ್ಟರ್ ಇರುತ್ತವೆ. ಸದ್ದು ಏರಿದಂತೆ ದೀಪ ಬೆಳಗುತ್ತದೆ, ರೆಸಿಸ್ಟರ್ ವಾಲ್ಯೂಮ್ ಇಳಿಸುತ್ತದೆ. ಬೆಳಕು ಆರಿದ ಮೇಲೂ ಆ ರೆಸಿಸ್ಟರ್ ಮೊದಲು ಬೇಗ, ಆಮೇಲೆ ನಿಧಾನವಾಗಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಈ ಎರಡು ಹಂತದ ರಿಲೀಸ್ ಬಿಡಿಸಿ ನುಡಿಸುವ ಸ್ವರಗಳಿಗೆ ಬಹಳ ಹೊಂದುತ್ತದೆ, ನನಗೂ ಇದೇ ಇಷ್ಟ. ಎಫ್ಇಟಿ ಅನ್ನುವ ಟ್ರಾನ್ಸಿಸ್ಟರ್ ಬಳಸುವವು 1176 ಅನ್ನುವ ಸ್ಟುಡಿಯೋ ಕಂಪ್ರೆಸರ್‌ನ ವಂಶದವು. ಮೂಲ ಯಂತ್ರದ ಅಟ್ಯಾಕ್ ಮಿಲಿಸೆಕೆಂಡ್‌ಗಿಂತಲೂ ಕಡಿಮೆ. ಪೆಟ್ಟನ್ನು ಪೂರಾ ಹಿಡಿದಿಡಬೇಕು ಅಂದರೆ ಇದು.

ಬ್ಲೆಂಡ್ ನಾಬ್ ಇದ್ದರೆ ಅದನ್ನು ಸುಮ್ನೆ ಬಿಡಬೇಡಿ. ಹಿಂಡಿದ ದನಿಯ ಜೊತೆ ಮೂಲ ದನಿಯನ್ನೂ ಬೆರೆಸುವ ನಾಬ್ ಅದು. ಗಟ್ಟಿಯಾಗಿ ಹಿಂಡಿ, ಅರ್ಧದಷ್ಟು ಬೆರೆಸಿದರೆ ಪೆಟ್ಟು ಮೂಲ ದನಿಯಿಂದ ಬರುತ್ತದೆ, ಬಾಲ ಹಿಂಡಿದ ದನಿಯಿಂದ. ಅಟ್ಯಾಕ್ ನಾಬ್ ಇಲ್ಲದ ಪೆಡಲ್‌ನ ಕೊರತೆ ಹೀಗೆ ಅರ್ಧಕ್ಕರ್ಧ ತುಂಬುತ್ತದೆ.

ಉಳಿದ ಪೆಡಲ್‌ಗಳ ನಡುವೆ ಇದರ ಜಾಗ? ಗಿಟಾರ್, ಇಕ್ಯೂ, ಕಂಪ್ರೆಸರ್, ಆಮೇಲೆ ಓವರ್‌ಡ್ರೈವ್, ಕೋರಸ್, ಡಿಲೇ. ಕೋರಸ್ಸನ್ನು (ಒಂದೇ ದನಿಯನ್ನು ಹಲವು ದನಿಗಳ ಹಾಗೆ ಕೇಳಿಸುವ ಪೆಡಲ್) ಕಂಪ್ರೆಸರ್‌ಗೆ ಮುಂಚೆ ಇಟ್ಟರೆ ಅದರ ಏರಿಳಿತವನ್ನೂ ಕಂಪ್ರೆಸರ್ ಸಮ ಮಾಡಲು ಹೋಗುತ್ತದೆ. ಅಂದಹಾಗೆ, 12 ತಂತಿಗೆ ಕೋರಸ್ ಬೇಕೇ ಬೇಕಾ? ಶ್ರುತಿಯಲ್ಲಿ ಕೂದಲೆಳೆಯಷ್ಟು ಬೇರೆಯಾದ ಜೋಡಿ ತಂತಿಗಳು ಆ ಕೆಲಸವನ್ನು ಆಗಲೇ ಮಾಡುತ್ತಿರುತ್ತವೆ.

ಆ ಕೂದಲೆಳೆಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಒಂದೇ ಸ್ವರದ ಎರಡು ತಂತಿಗಳ ನಡುವೆ 1 ಹರ್ಟ್ಸ್ ವ್ಯತ್ಯಾಸ ಇದ್ದರೆ ಸದ್ದು ಸೆಕೆಂಡಿಗೊಮ್ಮೆ ಏರಿ ಇಳಿಯುತ್ತದೆ. ತೆಳು ಇ ಜೋಡಿಯಲ್ಲಿ 5 ಸೆಂಟ್ ತಪ್ಪಿದರೆ, ಅಂದರೆ ಅರ್ಧ ಸ್ವರದ 20ರಲ್ಲಿ ಒಂದು ಪಾಲು, ಹೆಚ್ಚುಕಡಿಮೆ ಇಷ್ಟೇ ಆಗುತ್ತದೆ. 2 ಸೆಂಟ್ ತಪ್ಪಿದರೆ ಎರಡೂವರೆ ಸೆಕೆಂಡಿಗೊಂದು ಅಲೆ. ಸ್ವರ ಅರ್ಧ ಸೆಕೆಂಡಿನಲ್ಲಿ ಸಾಯುತ್ತಿದ್ದಾಗ ಈ ಅಲೆ ಪೂರ್ತಿ ಕೇಳಿಸುತ್ತಲೇ ಇರಲಿಲ್ಲ. ಈಗ ಸ್ವರ ಮೂರು ಸೆಕೆಂಡ್ ನಿಲ್ಲುತ್ತದೆ. ಕಂಪ್ರೆಸರ್ ಅಲೆಯ ತಗ್ಗುಗಳನ್ನು ಸ್ವಲ್ಪ ತುಂಬುತ್ತದೆ ನಿಜ, ಆದರೆ ಬಾಲವನ್ನು ಎಳೆದು ತೋರಿಸುವುದೂ ಅದೇ. ಆಕ್ಟೇವ್ ಜೋಡಿಗಳಲ್ಲೂ ಇದೇ ಕಥೆ. ದಪ್ಪ ತಂತಿಯ ಎರಡನೇ ಹಾರ್ಮೋನಿಕ್ ಮತ್ತು ಆಕ್ಟೇವ್ ತಂತಿಯ ಮೂಲ ಸ್ವರ ಒಂದನ್ನೊಂದು ಉಜ್ಜುತ್ತವೆ. ನಿಧಾನದ ಒಂದು ಅಲೆ ಹಿತ. ಆರು ಜೋಡಿಗಳೂ ತಮ್ಮ ತಮ್ಮ ವೇಗದಲ್ಲಿ ಅಲೆದರೆ ಅದು ಬೇಸುರ. ಹಾಗಾಗಿ ಕಂಪ್ರೆಸರ್ ಆನ್ ಮಾಡಿಕೊಂಡೇ ಕೊನೆಯ ಸುತ್ತಿನ ಶ್ರುತಿ ಮಾಡಿ. ಟ್ಯೂನರ್ ಸರಿ ಅಂದ ಮೇಲೂ ಜೋಡಿಗಳನ್ನು ಒಂದೊಂದಾಗಿ ಮೀಟಿ, ಬಾಲ ಮುಗಿಯುವವರೆಗೆ ಕೇಳಿ.

ಸದ್ದುಗದ್ದಲದ ಲೆಕ್ಕವನ್ನೂ ಮರೆಯುವ ಹಾಗಿಲ್ಲ. 9 ಡೆಸಿಬೆಲ್ ಎತ್ತಿದರೆ ಪಿಕಪ್‌ನ ಗುಂಯ್‌ಗುಡುವಿಕೆ, ಆಂಪ್‌ನತ್ತ ಹೋಗುವ ಸಿರ್ ಅನ್ನುವ ಸದ್ದು ಎಲ್ಲವೂ 9 ಡೆಸಿಬೆಲ್ ಏರುತ್ತವೆ. ಎರಡು ಪೆಡಲ್ ಇದ್ದರೆ ಇನ್ನೂ ಜಾಸ್ತಿ. ಸಿಂಗಲ್ ಕಾಯಿಲ್ ಪಿಕಪ್‌ಗಳಲ್ಲಿ ಇದು ಎದ್ದು ಕೇಳುತ್ತದೆ. ಸಣ್ಣ ಸದ್ದನ್ನು ಪೂರ್ತಿ ಮುಚ್ಚಿಬಿಡುವ ನಾಯ್ಸ್ ಗೇಟ್ ಹಾಕುವವರಿದ್ದಾರೆ. ಆದರೆ ಅದು ಕತ್ತರಿಸುವುದು ನಾವು ಇಷ್ಟು ಕಷ್ಟಪಟ್ಟು ಬೆಳೆಸಿದ ಬಾಲವನ್ನೇ ಅಲ್ವಾ? ಹಿಂಡುವುದನ್ನು ಒಂದು ಮಟ್ಟ ಇಳಿಸುವುದು ಮೇಲು.

ಹೊಂದಿಸುವಾಗ ಒಂದು ಎಚ್ಚರ. ಜೋರಾಗಿ ಕೇಳಿದ್ದೆಲ್ಲ ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಮೊದಲು ಪೆಡಲ್ ಆನ್ ಮತ್ತು ಆಫ್ ಎರಡರಲ್ಲೂ ಸದ್ದು ಒಂದೇ ಮಟ್ಟದಲ್ಲಿರುವಂತೆ ಔಟ್‌ಪುಟ್ ನಾಬ್ ಹೊಂದಿಸಿ. ಆಮೇಲೆ ಡಿ ಕಾರ್ಡ್ ಹಿಡಿದು ಒಮ್ಮೆ ಮೀಟಿ, ಕೈ ತೆಗೆಯದೆ ಕೇಳಿ. ಮೀಟಿದ ಒಂದು ಸೆಕೆಂಡ್ ನಂತರ ಆಕ್ಟೇವ್ ತಂತಿಗಳು ಇನ್ನೂ ಕೇಳುತ್ತಿವೆಯಾ ಅನ್ನುವುದನ್ನು ಮಾತ್ರ ಗಮನಿಸಿ. ಇಲ್ಲದಿದ್ದರೆ ಮೊದಲು ತಳ ಕತ್ತರಿಸಿ, ಆಮೇಲೆ ಥ್ರೆಶೋಲ್ಡ್ ಇಳಿಸಿ. ರೇಶಿಯೋ ಮುಟ್ಟುವುದು ಕೊನೆಗೆ. ಥ್ರೆಶೋಲ್ಡ್ ನಾಬ್ ಇಲ್ಲದ ಪೆಡಲ್‌ಗಳಲ್ಲಿ ಸೆನ್ಸಿಟಿವಿಟಿ ಅಥವಾ ಸಸ್ಟೇನ್ ಅನ್ನುವ ನಾಬ್ ಏರಿಸಿದರೆ ಅದೇ ಕೆಲಸ ಆಗುತ್ತದೆ.

ವೇದಿಕೆಯ ಮೇಲೆ ಇನ್ನೊಂದು ತೊಂದರೆ ಎದುರಾಗುತ್ತದೆ. 360/12ನಂಥ ಗಿಟಾರ್‌ಗಳ ಒಡಲು ಅರ್ಧ ಟೊಳ್ಳು. ನೀವು ನುಡಿಸುವುದನ್ನು ನಿಲ್ಲಿಸಿದ ತಕ್ಷಣ ಕಂಪ್ರೆಸರ್ ಹಿಡಿತ ಬಿಟ್ಟು ವಾಲ್ಯೂಮ್ ಪೂರ್ತಿ ಏರಿಸುತ್ತದೆ. ಆಂಪ್‌ನ ಸದ್ದಿಗೆ ಟೊಳ್ಳು ಒಡಲು ಮತ್ತು ಬಿಡಿ ತಂತಿಗಳು ತಾವೇ ಕಂಪಿಸಿ, ಫೀಡ್‌ಬ್ಯಾಕ್ ಊಳಿಡಲು ಶುರುವಾಗುತ್ತದೆ. ಹಾಡಿನ ನಡುವೆ ಬಿಡುವು ಬಂದರೆ ಅಂಗೈಯಿಂದ ತಂತಿಗಳನ್ನು ಮುಚ್ಚಿ. ಆಂಪ್‌ಗೆ ನೇರ ಎದುರಾಗಿ ನಿಲ್ಲಬೇಡಿ, ಸ್ವಲ್ಪ ಓರೆಯಾಗಿ ನಿಲ್ಲಿ. ಹಾಡು ಮುಗಿದ ಕೂಡಲೇ ಪೆಡಲ್ ಆಫ್ ಮಾಡಿ. ಇಲ್ಲವಾದರೆ ಮುಂದಿನ ಹಾಡಿಗೆ ಶ್ರುತಿ ಮಾಡಿಕೊಳ್ಳುವಾಗ ಪ್ರತಿ ಕೀಲಿಯ ಕಿರ್ ಸದ್ದೂ ಕೊನೆಯ ಸಾಲಿನವರೆಗೆ ಕೇಳುತ್ತದೆ.